ಹೊಟ್ಟೆನೋವಿನ ಹೆಸರು ಕೇಳುವವರ ಗಮನಕ್ಕೆ

ಉಲ್ಲೇಖ: "ಅದಕ್ಕೇನಮ್ಮಾ ಹೆಸರು? ಎಲ್ಲಾ ಹೆಂಗಸ್ರಿಗೂ ಇರೋದೇ!" ಎಂದು ಮೂರನೇ ಕಿಟಕಿಯ ಗುಮಾಸ್ತರು ಆಡಿದ ಮಾತು.

ಸಂಖ್ಯೆ: ಆಸ್ಪತ್ರೆ/ನೋವು/ಮಾಸಿಕ/೨೮

ವಿಷಯ: ಮುಟ್ಟಿನ ನೋವಿಗೆ ಕಾರಣ ತಿಳಿಯದೆ ಹಾರ್ಮೋನ್ ಮಾತ್ರೆ ನುಂಗಲು ರೋಗಿಗಳು ತೋರುತ್ತಿರುವ ಹಿಂಜರಿಕೆಯನ್ನು ನಿಯಂತ್ರಿಸುವ ಬಗ್ಗೆ.

ಈ ಆಸ್ಪತ್ರೆಯ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ ಅಕ್ಕ (ಇನ್ನು ಮುಂದೆ 'ಸದರಿ ಅಕ್ಕ') ತಮಗೆ ಬರೆದುಕೊಟ್ಟ ಮಾತ್ರೆ ಚೀಟಿಯನ್ನು ಮೂರನೇ ಸಲವೂ ಮೇಜಿನ ಮೇಲೇ ಬಿಟ್ಟು, "ಮಾತ್ರೆ ಬೇಡ ಅಂತಲ್ಲ ಡಾಕ್ಟ್ರೇ. ಯಾವುದಕ್ಕೆ ಅಂತ ನೋಡಿ ಹೇಳಿ, ನುಂಗ್ತೀನಿ. ಏಳು ವರ್ಷದಿಂದ ತಿಂಗಳಿಗೆ ಎರಡು ದಿನ ನೆಲ ಹಿಡೀತಿದೀನಿ" ಎಂದಿರುವುದು ಗಮನಕ್ಕೆ ಬಂದಿರುತ್ತದೆ. ಆದಕಾರಣ ಈ ಮೂಲಕ ಸೂಚಿಸಲಾಗಿದೆ:

೧. ಸದರಿ ನೋವನ್ನು 'ಸ್ವಲ್ಪ', 'ಸಹಿಸಬಹುದು', 'ಮದುವೆಯಾದ ಮೇಲೆ ಸರಿಹೋಗುತ್ತದೆ' ಎಂಬ ಮೂರು ದರ್ಜೆಗಳಲ್ಲಿ ಮಾತ್ರ ವರ್ಗೀಕರಿಸತಕ್ಕದ್ದು. ನಾಲ್ಕನೇ ದರ್ಜೆ ಮಂಜೂರಾಗಿರುವುದಿಲ್ಲ.

೨. ಮದುವೆಯಾದವರು ಮೂರನೇ ದರ್ಜೆಯನ್ನು 'ಮಗುವಾದ ಮೇಲೆ' ಎಂದು ತಿದ್ದಿ ಓದಿಕೊಳ್ಳತಕ್ಕದ್ದು. ಸದರಿ ಅಕ್ಕನಂತೆ ಎರಡು ಮಕ್ಕಳಾಗಿರುವವರು ಅಜ್ಜಿಯಾದ ಮೇಲೆ ಅರ್ಜಿ ಸಲ್ಲಿಸಬಹುದು.

೩. ವೈದ್ಯರೆದುರು ನೆಟ್ಟಗೆ ಕುಳಿತವರಿಗೆ ನೋವಿಲ್ಲವೆಂದೂ, ಬಾಗಿ ಕುಳಿತವರದ್ದು ನಾಟಕವೆಂದೂ ದಾಖಲಿಸಲಾಗುವುದು.

೪. "ಇದೇನು ಕಾಯಿಲೆ?" ಎಂಬ ಪ್ರಶ್ನೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. 'ಕಾಯಿಲೆಯ ಹೆಸರು' ಎಂಬ ಜಾಗವನ್ನು ಖಾಲಿ ಬಿಟ್ಟ ಅರ್ಜಿಗಳನ್ನು ತಿರಸ್ಕರಿಸಲಾಗುವುದು.

೫. ಈ ನಡುವೆ ಲಿಫ್ಟ್ ಎರಡನೇ ಮಹಡಿಯಲ್ಲಿ ಕಿರುಗುಟ್ಟತೊಡಗಿದ್ದು, "ಸ್ವಲ್ಪ ಎಣ್ಣೆ ಬಿಟ್ಟು ಹೋಗಮ್ಮಾ, ಎಲ್ಲಾ ಲಿಫ್ಟೂ ಕಿರ್ ಅನ್ನುತ್ತೆ" ಎಂದು ಅಧೀಕ್ಷಕರು ಆದೇಶಿಸಿದ್ದಾಗ್ಯೂ, ಸದರಿ ಅಕ್ಕ "ಸದ್ದು ಎಲ್ಲಿಂದ ಅಂತ ನೋಡದೆ ಎಣ್ಣೆ ಡಬ್ಬಿ ಮುಟ್ಟಲ್ಲ ಸಾರ್" ಎಂದು ಲಿಫ್ಟ್ ನಿಲ್ಲಿಸಿ, ಒಂದೂವರೆ ಗಂಟೆ ಟಾರ್ಚ್ ಹಿಡಿದು ಹುಡುಕಿ, ಎಳೆ ಕಿತ್ತುಬಂದು ಉಜ್ಜುತ್ತಿದ್ದ ಲಿಫ್ಟಿನ ಉಕ್ಕಿನ ಹಗ್ಗವನ್ನು ತೋರಿಸಿರುತ್ತಾರೆ. ಅದೇ ಲಿಫ್ಟಿನಲ್ಲಿ ಅಧೀಕ್ಷಕರು ದಿನಕ್ಕೆ ಹನ್ನೆರಡು ಸಲ ಓಡಾಡುತ್ತಿದ್ದರೆಂಬುದನ್ನು ಇಲ್ಲಿ ನಮೂದಿಸುವ ಅಗತ್ಯವಿರುವುದಿಲ್ಲ.

೬. ಹಗ್ಗ ಬದಲಾಗುವವರೆಗೆ ಮೆಟ್ಟಿಲು ಹತ್ತಿಳಿದು ಅಧೀಕ್ಷಕರಿಗೆ ಮೊಣಕಾಲು ನೋವು ಬಂದಿದ್ದು, ಕೂಡಲೇ ಎಕ್ಸ್‌ರೇ ತೆಗೆಯಲಾಗಿದೆ. ಎಕ್ಸ್‌ರೇ ಕೊಠಡಿಯ ಸಿಸ್ಟರ್ "ಯಾಕೆ ಸಾರ್, ಎಲ್ಲಾ ಗಂಡಸ್ರಿಗೂ ಇರೋದೇ ಅಲ್ವಾ?" ಎಂದು ಕೇಳಿದ್ದು, ಉತ್ತರವು ಪರಿಶೀಲನೆಯಲ್ಲಿದೆ.

೭. ಈ ಬಗ್ಗೆ ಮೆಟ್ಟಿಲ ಮೇಲೆ ಕುಳಿತು ಕೂಲಂಕಷವಾಗಿ ಯೋಚಿಸಲಾಗಿ, ೧ರಿಂದ ೪ರವರೆಗಿನ ಅಂಶಗಳನ್ನು ಹಿಂಪಡೆಯಲಾಗಿದೆ. ಸದರಿ ಅಕ್ಕ ಹೇಳುವುದನ್ನು ಪೂರ್ತಿ ಕೇಳಿ, ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ಕಂಡದ್ದನ್ನು ಕಂಡಂತೆ, ಕಾಣದಿದ್ದರೆ ಇನ್ನೂ ಹುಡುಕಬೇಕೆಂದು ಅರ್ಥವಾಗುವ ಮಾತಿನಲ್ಲಿ ತಿಳಿಸಿ, ಆಮೇಲೆ ಮಾತ್ರೆಯ ಮಾತೆತ್ತತಕ್ಕದ್ದು.

ಸಹಿ/-
ಅಧೀಕ್ಷಕರು
(ಬಿಡಾರ: ಮೂರನೇ ಮಹಡಿಯ ಮೆಟ್ಟಿಲು)

ಪ್ರತಿಗಳು:

೧. ಮೂರನೇ ಕಿಟಕಿಯ ಗುಮಾಸ್ತರಿಗೆ, ಮನಸ್ಸಿನಲ್ಲೇ ಓದಿಕೊಳ್ಳಲು.

೨. ಅಧೀಕ್ಷಕರ ಪತ್ನಿಯವರಿಗೆ, ಅವರು ಹದಿನಾಲ್ಕು ವರ್ಷದ ಹಿಂದೆ ಕೇಳಿದ್ದ ಇದೇ ಪ್ರಶ್ನೆಯ ಸಂಬಂಧ, ವಿಳಂಬಕ್ಕೆ ವಿಷಾದಿಸಲಾಗಿದೆ.

೩. ಸದರಿ ಅಕ್ಕನಿಗೆ, ಸ್ಕ್ಯಾನ್ ಚೀಟಿ ಸಹಿತ, ಖುದ್ದಾಗಿ.

ಷರಾ: ಮೂರನೇ ಪ್ರತಿ ತಲುಪಿದೆ. ಹೊಸ ಹಗ್ಗ ಬಿಗಿದು ಮುಗಿಸಿದ್ದ ಸದರಿ ಅಕ್ಕ, ಚೀಟಿಯನ್ನು ಎರಡು ಸಲ ಓದಿ, ಸ್ಪ್ಯಾನರ್ ಪೆಟ್ಟಿಗೆಯನ್ನು ಗುಮಾಸ್ತರ ವಶಕ್ಕೊಪ್ಪಿಸಿ, ಸ್ಕ್ಯಾನ್ ಕೊಠಡಿಯಿರುವ ನಾಲ್ಕನೇ ಮಹಡಿಯ ಗುಂಡಿ ಒತ್ತಿರುತ್ತಾರೆ. ಲಿಫ್ಟ್ ಸದ್ದಿಲ್ಲದೆ ಮೇಲಕ್ಕೆ ಹೋಗಿರುತ್ತದೆ.