ಕಾಕಾನ ನರಗಳೂ ನನ್ನ ಮಗಳ ಕಣ್ಣೂ

ನಮ್ಮ ಕಾಕಾನ ಕೈಗೆ ಸಿಕ್ಕಿದ್ದರೆ ಬ್ರಹ್ಮನೂ ನಮ್ಮೂರು ಕುಲಗೋಡದಲ್ಲಿ ಎರಡು ದಿನ ಕೂತು, ಮೆದುಳು ಕಟ್ಟುವುದು ಹೇಗೆಂದು ಪಾಠ ಕೇಳಿಯೇ ಹೋಗಬೇಕಾಗುತ್ತಿತ್ತು! ವಿಜ್ಞಾನದ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಯಾವುದೋ ಮಾಸಪತ್ರಿಕೆಯಲ್ಲಿ ಮೈಕ್ರೋ ಆರ್‌ಎನ್‌ಎ ಬಗ್ಗೆ ಓದಿದ್ದೇ ತಡ, ಊರಿಗೆ ಉಳಿಗಾಲವಿಲ್ಲದಂತಾಯಿತು.

ನಾನು ಸಿಕ್ಕಿಬಿದ್ದದ್ದು ಬಾಣಂತನಕ್ಕೆ ತವರಿಗೆ ಬಂದಾಗ. ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಳು. ಘಟಪ್ರಭಾದ ಡಾಕ್ಟರು, "ದೃಷ್ಟಿ ನಿಲ್ಲತೈತೇನು ನೋಡ್ಕೋತ ಇರ್ರಿ" ಎಂದು ಹೇಳಿ ಕಳಿಸಿದ್ದರು. ಕೂಸು ಯಾರನ್ನೂ ನೋಡುತ್ತಿರಲಿಲ್ಲ. ನನಗೆ ಅನ್ನ ಸೇರುತ್ತಿರಲಿಲ್ಲ. ಧೈರ್ಯ ಹೇಳಬೇಕಾದ ಕಾಕಾ ಪಾಠ ಹೇಳಿದ!

"ಕಣ್ಣಿನ ನರದ ಎಳಿ ಮೆದುಳಿನ ತನಕ ಬೆಳಕೋತ ಹೋಗಬೇಕು, ಯವ್ವಾ. ಹಾದಿಗುಂಟ 'ಇಲ್ಲಿ ಬಾ, ಅಲ್ಲಿ ಹೋಗು' ಅನ್ನಾವ್ರು ನೂರೆಂಟು. ಈ ಮೈಕ್ರೋ ಆರ್‌ಎನ್‌ಎ ಅನ್ನೂದು ಸಣ್ಣ ಚೂರು. ಬ್ಯಾಡಾದವ್ರ ಬಾಯಿ ಮುಚ್ಚಸ್ತೈತಿ. ಎಳಿ ಹಾದಿ ತಪ್ಪಂಗಿಲ್ಲ."

"ಅಂಥಾದ್ದೊಂದು ನಿಮಗೂ ಬೇಕಾಗಿತ್ತು ನೋಡ್ರಿ," ಎಂದಳು ಕಾಕಿ.

ಕಾಕಿಗೆ ತಿಳಿಯಲಿಲ್ಲವೆಂದು ಮರುದಿನ ಕಬ್ಬಿನ ಹೊಲದಲ್ಲೇ ಪ್ರಯೋಗ. ಕಾಲುವೆಯ ನೀರೇ ನರದ ಎಳೆ. ನೀರು ಬೇಡದ ಮಡಿಯ ಬಾಯಿಗೆ ಹಾಕುವ ಹಿಡಿ ಕೆಸರೇ ಮೈಕ್ರೋ ಆರ್‌ಎನ್‌ಎ. ಪಾಠ ಎಷ್ಟು ರಂಗೇರಿತೆಂದರೆ ಕೆಸರು ಹಾಕುವುದೇ ಮರೆತುಹೋಯಿತು. ಬಾಜೂ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಕುರಿಗಾಹಿ ಹೆಂಗಸು ಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಕೂಗಿದ್ದು ನನ್ನ ಕೋಣೆಗೂ ಕೇಳಿಸಿತು: "ಮಾಸ್ತರ, ನಿಮ್ಮ ನರ ನಮ್ಮ ಹಟ್ಟಿ ಹೊಕ್ಕೈತ್ರಿ!"

ಕೂಸಿನ ಕಣ್ಣು ಪರೀಕ್ಷಿಸಲು ಬಣ್ಣದ ಚೆಂಡು ಬೇಕೆಂದು ಗೋಕಾಕಿಗೆ ಹೊರಟವನು, ನರ ಹೇಗೆ ಹಾದಿ ಹಿಡಿಯುತ್ತದೆಂದು ಕಂಡಕ್ಟರನಿಗೆ ವಿವರಿಸುತ್ತ ಗೋಕಾಕ ದಾಟಿ ಹುಕ್ಕೇರಿಯಲ್ಲಿ ಇಳಿದ! ಆದರೂ ಚೆಂಡು ತಂದ, ಕೆಂಪನೆಯದು.

ದಿನಾ ಪರೀಕ್ಷೆ ನಡೆಯಿತು. ಎಲ್ಲಿ ಅಂತೀರಿ? ಬಾಣಂತಿ ಕೋಣೆಯಲ್ಲಿ! ಗಾಳಿ ಬಡಿಯಬಾರದೆಂದು ಕಾಕಿ ಕಿಟಕಿಗೆ ಕೌದಿ ಜಡಿದಿದ್ದಳು. ಮೂಲೆಯಲ್ಲಿ ಅಗ್ಗಿಷ್ಟಿಕೆಯ ಹೊಗೆ. ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಆ ಕತ್ತಲಲ್ಲಿ ಚೆಂಡು ಆಡಿಸಿ, ಕೂಸು ನೋಡಲಿಲ್ಲವೆಂದು ಎಲ್ಲರೂ ಮುಖ ಬಾಡಿಸಿಕೊಂಡು ಹೋಗುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ.

ಒಂದು ಮುಂಜಾನೆ ಕಾಕಾ ತೊಟ್ಟಿಲು ಕಾಣದೆ ಎಡವಿ ಬೀಳುವವನಿದ್ದ. ಸಾವರಿಸಿಕೊಂಡು ನಿಂತವನು ಹಣೆ ಹಣೆ ಬಡಿದುಕೊಂಡ.

"ನನ್ನ ಮಾಸ್ತರಿಕಿಗೆ ಬೆಂಕಿ ಹತ್ತಲಿ! ಎಂಥಾ ನರ ಇದ್ರೇನು, ನೋಡಾಕ ಬೆಳಕ ಬ್ಯಾಡೇನ?"

ಹಾಗೆಂದವನೇ ಕೌದಿ ಕಿತ್ತ. "ಬಾಣಂತಿಗೆ ಗಾಳಿ ಬಡೀತೈತ್ರಿ!" ಎಂದು ಕಾಕಿ ಓಡಿ ಬಂದು ಕೌದಿ ಎತ್ತಿಕೊಂಡಳು.

ಬಿಸಿಲು ತೊಟ್ಟಿಲಿಗೆ ಬಿತ್ತು. ಕೂಸು ಕಣ್ಣು ಕಿರಿದು ಮಾಡಿ, ಮತ್ತೆ ತೆರೆಯಿತು. ಕಾಕಾ ಚೆಂಡನ್ನು ಎಡಕ್ಕೆ ಒಯ್ದ. ಕಣ್ಣುಗಳೂ ಎಡಕ್ಕೆ ಹೋದವು. ಬಲಕ್ಕೆ ತಂದ. ನಿಧಾನವಾಗಿ ಬಲಕ್ಕೆ ಬಂದವು. ಅವನ ಕೈಯಿಂದ ಚೆಂಡು ಜಾರಿತು; ಕಣ್ಣುಗಳು ಅವನ ಮುಖದ ಮೇಲೆ ನಿಂತವು.

"ಯವ್ವಾ, ನನ್ನ ನೋಡಾಕತ್ತಾಳ," ಎಂದ ಕಾಕಾ. ನರೆತ ಗಡ್ಡದೊಳಗೆ ಕಣ್ಣೀರು ಇಳಿಯುತ್ತಿತ್ತು. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಕಾಕಿ ಕೈಯಲ್ಲಿದ್ದ ಕೌದಿಯನ್ನು ಬಾಗಿಲಾಚೆ ಎಸೆದು, "ಸರೀರಿ ಈಕಡೆ," ಎಂದಳು, "ನನ್ನೂ ನೋಡ್ಲಿ."