ಸೊಸೆಯ ಡ್ಯೂಟಿ, ನನ್ನ ಮಡಿ

ದೇವರ ಹತ್ತಿರ ನಾನು ದೊಡ್ಡದೇನನ್ನೂ ಬೇಡುವವಳಲ್ಲ. ಹಾಲು ಒಡೆಯದಿದ್ದರೆ ಒಂದು ನಮಸ್ಕಾರ, ನೀರಿನ ಲಾರಿ ನಮ್ಮ ಬೀದಿಗೆ ತಿರುಗಿದರೆ ಇನ್ನೊಂದು. ಚೆನ್ನೈ ಬೇಸಿಗೆಯಲ್ಲಿ ಇದಕ್ಕಿಂತ ಹೆಚ್ಚು ಕೇಳಿದರೆ ದುರಾಸೆ. ಆದರೆ ಮಡಿಯ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳಿದವಳಲ್ಲ. ಮೈಸೂರಿನಿಂದ ಬರುವಾಗ ಒರಳುಕಲ್ಲನ್ನು ಬಿಟ್ಟು ಬಂದೆ, ಮಡಿಯನ್ನು ಬಿಡಲಿಲ್ಲ. ಅಂಥ ನನಗೆ ಆ ಭಗವಂತ ಹುಡುಕಿ ಕೊಟ್ಟದ್ದು ನರ್ಸ್ ಸೊಸೆ. ಅವನಿಗೂ ಆಗಾಗ ತಮಾಷೆ ಬೇಕಲ್ಲ!

ಸುಮತಿ ವಡಪಳನಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದಳು. ಮದುವೆಗೆ ಅವಳು ಹಾಕಿದ ಷರತ್ತು ಒಂದೇ, ಕೆಲಸ ಬಿಡಿಸಬಾರದು. ನನ್ನದೂ ಒಂದೇ: ಆಸ್ಪತ್ರೆಯಿಂದ ಬಂದವಳು ಹಿಂದಿನ ಬಾಗಿಲಿನಿಂದ ನೇರ ಬಚ್ಚಲಿಗೆ, ತಲೆಗೆ ನೀರು ಬಿದ್ದ ಮೇಲೆಯೇ ಕಾಫಿ. ಪಾಪ, ಒಂದು ದಿನವೂ ಎದುರಾಡಲಿಲ್ಲ. ಒದ್ದೆ ಕೂದಲಲ್ಲಿ ಸೀನುತ್ತಾ ಕಾಫಿ ಕುಡಿಯುತ್ತಿದ್ದಳು. "ಔಷಧಿ ಕೊಡುವವಳಿಗೇ ನೆಗಡಿ ನೋಡಿ" ಎಂದು ಯಜಮಾನರ ಹತ್ತಿರ ನಾನೇ ಕನಿಕರಪಡುತ್ತಿದ್ದೆ.

ಒಂದು ಸಂಜೆ ಬಂದವಳು ಬಚ್ಚಲಿಗೆ ಹೋಗದೆ ಹಿಂದಿನ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

"ಅತ್ತೆ, ನಾನು ಕೆಲಸ ಬಿಡ್ತೀನಿ."

"ಯಾಕೇ, ಡಾಕ್ಟರು ಬೈದ್ರಾ?"

"ಅದು ಅಭ್ಯಾಸ ಆಗಿದೆ ಬಿಡಿ. ಇಬ್ಬರು ಸಿಸ್ಟರ್ ಕೆಲಸ ಬಿಟ್ರು, ಅವರ ಪೇಷಂಟ್‌ಗಳೂ ನನ್ನ ತಲೆಗೇ. ಬೆಳಿಗ್ಗೆಯಿಂದ ಕೂತಿಲ್ಲ ಅತ್ತೆ. ಒಬ್ರು ತಾತ ಕೈ ಹಿಡ್ಕೊಂಡು, 'ಕೊಂಜ ನೇರಂ ಉಕ್ಕಾರು ಮಾ' ಅಂದ್ರು. ಸ್ವಲ್ಪ ಹೊತ್ತು ಕೂತ್ಕೋ ಅಂತ, ಅಷ್ಟೇ ಕೇಳಿದ್ದು. ಅಷ್ಟರಲ್ಲಿ ಪಕ್ಕದ ರೂಮಿನೋರು ಫ್ಯಾನ್ ಓಡ್ತಿಲ್ಲ ಅಂತ ಕಿರುಚಿದ್ರು. ನಾನು ವಾಪಸ್ ಬರೋದ್ರೊಳಗೆ ತಾತ ಹೋಗ್ಬಿಟ್ಟಿದ್ರು."

ಗಾಬರಿಯಾದಾಗ ನಾಲಗೆ ಹಳೆಯ ದಾರಿಯನ್ನೇ ಹಿಡಿಯುತ್ತದೆ. "ಏಳು, ಮೊದಲು ಸ್ನಾನ ಮಾಡು" ಎಂದೆ.

"ಏಳೋಕೆ ಆಗಲ್ಲ ಅತ್ತೆ. ಎದ್ರೂ ನೀರೆಲ್ಲಿದೆ? ಲಾರಿ ಬಂದಿಲ್ವಲ್ಲ."

ಕಾಫಿ ತಂದೆ. ಅವಳ ಕೈಗೆ ಖಾಲಿ ಲೋಟ ಕೊಟ್ಟು, ಮುಟ್ಟಿಸಿಕೊಳ್ಳದ ಹಾಗೆ ಮೇಲಿನಿಂದ ತೀರ್ಥದಂತೆ ಸುರಿಯಹೋದರೆ, ಅರ್ಧ ಅವಳ ಬಿಳಿ ಯೂನಿಫಾರ್ಮಿನ ಮೇಲೆ ಬಿತ್ತು.

"ಏನತ್ತೆ, ನಂಗೇ ಡ್ರಿಪ್ ಏರಿಸ್ತಿದ್ದೀರಾ?" ಎಂದು ನಗತೊಡಗಿದವಳು ನಗುನಗುತ್ತಲೇ ಅತ್ತುಬಿಟ್ಟಳು.

ಪಕ್ಕದಲ್ಲಿ ಕುಳಿತು ಅವಳ ಪಾದಗಳನ್ನು ಮಡಿಲಿಗೆ ಎಳೆದುಕೊಂಡೆ. ಊದಿಕೊಂಡಿದ್ದವು, ಸಾಕ್ಸಿನ ಗುರುತು ಚರ್ಮದಲ್ಲಿ ಇಳಿದಿತ್ತು.

"ಅಯ್ಯೋ, ಬೇಡ ಅತ್ತೆ! ನೀವು ಮಡೀಲಿದ್ದೀರಿ, ಅದೂ ನನ್ನ ಕಾಲು..."

"ಸುಮ್ನಿರೇ. ಬಿಡಬೇಕು ಅನ್ಸಿದ್ರೆ ಬಿಡು, ಮನೆ ನಡೆಯತ್ತೆ. ಇವತ್ತು ಮಾತ್ರ ಏನೂ ಯೋಚಿಸ್ಬೇಡ."

ಆ ಸಂಜೆ ಸ್ನಾನವಿಲ್ಲದೆ ಕೈತೊಳೆದು ದೀಪ ಹಚ್ಚಿದೆ. ಪಟದ ಮುರುಗನನ್ನು ಅಳುಕುತ್ತಲೇ ನೋಡಿದೆ. ಅವನು ಎಂದಿನಂತೆ ನಗುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ನಿದ್ದೆಗಣ್ಣಿನ ದನಿ: "ಅತ್ತೆ, ನಾಳೆ ಮಾರ್ನಿಂಗ್ ಡ್ಯೂಟಿ. ಬೇಗ ಎಬ್ಬಿಸ್ತೀರಾ?"

ಸುಮತಿ ಈಗಲೂ ಕೆಲಸಕ್ಕೆ ಹೋಗುತ್ತಾಳೆ. ತಿಂಗಳಿಗೊಮ್ಮೆ ಬಿಡುತ್ತೇನೆ ಎನ್ನುತ್ತಾಳೆ, ನಾನು ಕಾಲು ಒತ್ತುತ್ತೇನೆ. ನಮ್ಮ ಮನೆಯಲ್ಲಿ ರಾಜೀನಾಮೆ ಕೊಟ್ಟದ್ದು ನನ್ನ ಮಡಿಯೇ. ಅದೂ ಪೂರ್ತಿ ಬಿಟ್ಟಿಲ್ಲ. ನೋಟಿಸ್ ಅವಧಿಯೆಂದು ಹೇಳಿಕೊಂಡು, ಹಬ್ಬದ ದಿನ ಮಾತ್ರ ಬಂದು ಹೋಗುತ್ತದೆ.