ಗಾಲಿಯಿಲ್ಲದ ಗಾಡಿಗೆ ನಾಲ್ಕು ನಿಂಬೆಹಣ್ಣು

ಕೆಲವರ ಮನೆಗೆ ಹೇಳದೆ ಕೇಳದೆ ನೆಂಟರು ಬರುತ್ತಾರೆ. ನಮ್ಮ ಮನೆಗೆ ಸಾಮಾನು ಬರುತ್ತದೆ. ನಮ್ಮ ಯಜಮಾನರು ಒಮಾನಿನ ನಿಜ್ವಾ ಊರಿನ ಒಂದು ಆಸ್ಪತ್ರೆಯಲ್ಲಿ ಜನರೇಟರು, ಏಸಿ ನೋಡಿಕೊಳ್ಳುವ ಎಂಜಿನಿಯರ್. ಯಾರೋ ಒಮಾನ್ ಬಿಟ್ಟು ಹೋಗುತ್ತಿದ್ದಾರೆ ಎಂದು ಕಿವಿಗೆ ಬಿದ್ದರೆ ಸಾಕು, ಅವರ ಬಾಗಿಲಲ್ಲಿ ಇವರ ಕಾರು ನಿಂತಿರುತ್ತದೆ. ಹಾಗೆ ಬಂದ ಮೀನಿಲ್ಲದ ಅಕ್ವೇರಿಯಮ್ಮನ್ನೂ, ಅರ್ಧ ಮಾತ್ರ ಬಾಗುವ ಆರಾಮಕುರ್ಚಿಯನ್ನೂ ನಾನು ನುಂಗಿಕೊಂಡೆ. ಹೋದ ವರ್ಷ ಬಂದದ್ದು ಮಾತ್ರ ಗಂಟಲಲ್ಲೇ ನಿಂತಿತು.

೧. ಗಾಲಿ ಎಲ್ಲಿ?

ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಒಂದು ವಿದೇಶಿ ಸಂಸಾರ ಮನೆ ಖಾಲಿ ಮಾಡುತ್ತಿತ್ತು. ಅವರ ವಾಷಿಂಗ್ ಮಷೀನ್ ತರುತ್ತೇನೆಂದು ಹೊರಟ ಯಜಮಾನರು ಸಂಜೆ ಪಿಕಪ್ಪಿನಲ್ಲಿ ಬೇರೇನನ್ನೋ ಕಟ್ಟಿಸಿಕೊಂಡು ಬಂದರು. ಮುಂದೆ ಎರಡು ಜಾರುಪಟ್ಟಿ, ಹಿಂದೆ ಒಂದು ಅಗಲವಾದ ರಬ್ಬರ್ ಪಟ್ಟಾ, ನಡುವೆ ಪುಟ್ಟ ಸೀಟು.

"ಏನ್ರೀ ಇದು?"

"ಸ್ನೋಮೊಬೈಲ್. ಬರ್ಫದ ಮ್ಯಾಲೆ ಓಡತೈತಿ."

"ಇಲ್ಲಿ ಬರ್ಫ ಎಲ್ಲೈತ್ರಿ?"

"ಜೆಬೆಲ್ ಶಮ್ಸ್ ಗುಡ್ಡದ ಮ್ಯಾಲೆ ಚಳಿಗಾಲದಾಗ ಒಮ್ಮೊಮ್ಮೆ ಬೀಳತೈತಿ."

"ಮತ್ತ ವಾಷಿಂಗ್ ಮಷೀನು?"

"ಅದು ಭಾಳ ಹಳೇದಿತ್ತು."

ಮಗಳು ಬಾಗಿಲಿಗೆ ಬಂದು ನೋಡಿ, "ಪಪ್ಪಾ, ದಿಸ್ ಈಸ್ ಓಮನ್" ಎಂದಷ್ಟೇ ಹೇಳಿ ಒಳಗೆ ಹೋದಳು.

ಅಷ್ಟರಲ್ಲಿ ಪಕ್ಕದಲ್ಲೇ ಇರುವ ನಮ್ಮ ಬಾಡಿಗೆ ಮನೆಯ ಒಡೆಯರು ಬಂದರು. ನಾವೆಲ್ಲ ಅವರನ್ನು ಅರಬಾಬ್ ಎನ್ನುತ್ತೇವೆ. ಹಿರಿಯ ಒಮಾನಿ, ನಮ್ಮೊಂದಿಗೆ ಮಾತೆಲ್ಲ ಹಿಂದಿಯಲ್ಲೇ. ಗಾಡಿಗೆ ಎರಡು ಪ್ರದಕ್ಷಿಣೆ ಹಾಕಿ, ಬಗ್ಗಿ ಕೆಳಗೆ ನೋಡಿ, "ಪಹಿಯಾ ಕಿಧರ್ ಹೈ?" ಎಂದರು. ಇದಕ್ಕೆ ಗಾಲಿಯೇ ಇರುವುದಿಲ್ಲ ಎಂದು ಯಜಮಾನರು ಬಿಡಿಸಿ ಹೇಳಿದರು. ಅರಬಾಬ್ ಮರುಕದಿಂದ ಅವರ ಹೆಗಲ ಮೇಲೆ ಕೈಯಿಟ್ಟರು. "ಮಾರಿದವನು ನಿನಗೆ ಹಾಗಂತ ಹೇಳಿದನೇ? ಯಲ್ಲಾ, ನಡಿ, ಪೊಲೀಸರ ಹತ್ತಿರ ಹೋಗೋಣ."

೨. ತಣ್ಣಗಿಲ್ಲದ ಬರ್ಫ

ಚಳಿಗಾಲದವರೆಗೆ ಕಾಯುವ ತಾಳ್ಮೆ ಯಜಮಾನರಿಗೆ ಎಲ್ಲಿಯದು? "ಬರ್ಫ ಅಂದ್ರೇನು, ತಣ್ಣನ ಉಸುಕು. ಉಸುಕಿನ್ಯಾಗ ಓಡಿಸಿ ನೋಡೂಣು" ಎಂದು ಒಂದು ಶುಕ್ರವಾರ ಊರಾಚೆಯ ಒಣಗಿದ ವಾದಿಗೆ ನಮ್ಮನ್ನೂ ಕರೆದೊಯ್ದರು. ಮಳೆ ಬಂದಾಗ ಮಾತ್ರ ನೀರು ಹರಿಯುವ ಹಳ್ಳ ಅದು, ಉಳಿದಂತೆ ಬರೀ ಮರಳು.

ಹಗ್ಗ ಎಳೆದರು. ಎಂಜಿನ್ ಗುರ್ ಎಂದಿತು. ಪಟ್ಟಾ ತಿರುಗಿತು. ಗಾಡಿ ಮುಂದೆ ಹೋಗಬೇಕಿತ್ತು, ಕೆಳಗೆ ಹೋಯಿತು. ಇವರು ಎಕ್ಸಲರೇಟರ್ ಒತ್ತಿದಷ್ಟೂ ಮರಳು ನಮ್ಮ ತಲೆಯ ಮೇಲೆ, ಇವರು ಗುಂಡಿಯೊಳಗೆ. ಕೊನೆಗೆ ಹೊರಗೆ ಕಾಣುತ್ತಿದ್ದದ್ದು ಇವರ ಟೊಪ್ಪಿಗೆ ಒಂದೇ.

ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜ ದೂರದಿಂದ ಇದನ್ನೆಲ್ಲ ನೋಡುತ್ತ ನಿಂತಿದ್ದ. ತಡೆಯಲಾರದೆ ಹತ್ತಿರ ಬಂದು, ಕೋಲೆತ್ತಿ ಆಚೆ ದಂಡೆಯನ್ನು ತೋರಿಸಿ ಹರಕು ಹಿಂದಿಯಲ್ಲಿ ಹೇಳಿದ: "ಬಾವಿ ಇಲ್ಲಿ ತೋಡಬೇಡ. ನೀರಿರುವುದು ಅಲ್ಲಿ."

೩. ಅತ್ತೆಯ ತೀರ್ಮಾನ

ದೀಪಾವಳಿಗೆ ಬಾಗಲಕೋಟೆಯಿಂದ ನಮ್ಮ ಅತ್ತೆ ಬಂದರು. "ಅವ್ವಾ, ಈ ಸಲ ನಿನ್ನ ಬರ್ಫದ ಮ್ಯಾಲೆ ತಿರುಗಸ್ತೀನಿ" ಎಂದು ಮಗ ಮೊದಲೇ ಫೋನಿನಲ್ಲಿ ಮಾತು ಕೊಟ್ಟಾಗಿತ್ತು. ಬಿಸಿಲೂರಿನಲ್ಲಿ ಬದುಕು ಕಳೆದ ಅವರು ಅದನ್ನೇ ನೆಚ್ಚಿಕೊಂಡು ಎರಡು ಸ್ವೆಟರ್ ಹೆಣೆಸಿಕೊಂಡು ಬಂದಿದ್ದರು.

ಕಾರು ನಿಲ್ಲಿಸುವ ಪೋರ್ಚನ್ನೆಲ್ಲ ಗಾಡಿಯೇ ಆಕ್ರಮಿಸಿತ್ತು. ನಾನೂ ನನ್ನ ಮಾತು ಹೇಳಿಬಿಟ್ಟೆ. "ಅತ್ತಿ ಊರಿಗೆ ಹೋಗೂದ್ರೊಳಗ ಇದು ಬರ್ಫದ ಮ್ಯಾಲೆ ಓಡಿದ್ರ ಪೋರ್ಚು ಇದರದ್ದು. ಇಲ್ಲಾಂದ್ರ ಗುಜರಿಗೆ."

ಯಜಮಾನರ ಮುಖ ಸಣ್ಣಗಾಯಿತು. ಅತ್ತೆ ಮಾತ್ರ ಗಾಡಿಯನ್ನು ಒಮ್ಮೆ ನೋಡಿ ರೋಗ ಕಂಡುಹಿಡಿದರು. "ಪೂಜಿ ಮಾಡಸಿಯೇನೋ ತಮ್ಮಾ?"

"ಇಲ್ಲವ್ವಾ."

"ಅದಕ್ಕ ಕುಣಿಯಾಗ ಕುಂತೈತಿ!"

ಹಬ್ಬದ ದಿನ ಗಾಡಿಗೆ ವಿಭೂತಿ, ಕುಂಕುಮ, ಹೂವಿನ ಹಾರ ಎಲ್ಲ ಆಯಿತು. ಅತ್ತೆ ನಾಲ್ಕು ನಿಂಬೆಹಣ್ಣು ಹಿಡಿದು ನಿಂತರು. ಎರಡನ್ನು ಜಾರುಪಟ್ಟಿಯ ಕೆಳಗಿಟ್ಟರು. ಮಗ ಗಾಡಿಯ ಮೂತಿಯನ್ನು ಎತ್ತಿ ದೊಪ್ಪೆಂದು ಬಿಟ್ಟಾಗ ಅವೆರಡೂ ಪಚಕ್ಕೆಂದವು.

"ಹಿಂದಿನ ಗಾಲಿ ಎಲ್ಲಿ?"

"ಗಾಲಿ ಇಲ್ಲವ್ವಾ, ಪಟ್ಟಾ ಐತಿ."

"ಹಂಗಾರ ಅದರಾಗ ಇಡೂಣು" ಎಂದು ಅತ್ತೆ ಉಳಿದೆರಡನ್ನು ಪಟ್ಟಾದ ಸಂದಿಯೊಳಗೆ ಬೆರಳು ಹೋದಷ್ಟು ದೂರ ತುರುಕಿದರು. ಟೈಲ್ಸಿನ ಮೇಲೆ ಪಟ್ಟಾ ಓಡಿಸುವುದನ್ನು ನಾನು ಮೊದಲೇ ಬೇಡವೆಂದಿದ್ದೆ. ಹಾಗಾಗಿ ಗಾಡಿ ಅಲುಗಲಿಲ್ಲ.

ಬೇಲಿಯಾಚೆ ನಿಂತು ಎಲ್ಲವನ್ನೂ ನೋಡುತ್ತಿದ್ದ ಅರಬಾಬ್ ಒಳಗೆ ಬಂದು, ಪ್ರಸಾದದ ಕರದಂಟು ಬಾಯಿಗೆ ಹಾಕಿಕೊಂಡು ಯಜಮಾನರ ಕಿವಿಯಲ್ಲಿ ಕೇಳಿದರು: "ಇಷ್ಟೆಲ್ಲ ಮಾಡಿದ ಮೇಲೆ ಗಾಲಿ ಹುಟ್ಟುತ್ತದೆಯೇ?"

೪. ಬರ್ಫ ಬಿತ್ತು

ಜನವರಿ ಬಂತು. ಅತ್ತೆ ಹೊರಡುವ ದಿನ ಹತ್ತಿರವಾಯಿತು. ಯಜಮಾನರು ಬೆಳಿಗ್ಗೆ ಎದ್ದರೆ ದೇವರಿಗಿಂತ ಮೊದಲು ಮೊಬೈಲಿನಲ್ಲಿ ಹವಾಮಾನ ನೋಡುತ್ತಿದ್ದರು. ನಾನು ಗುಜರಿಯವನ ನಂಬರ್ ಹುಡುಕಿಟ್ಟುಕೊಂಡಿದ್ದೆ. ಒಂದು ಮುಂಜಾನೆ ಅರಬಾಬ್ ಗೇಟು ಬಡಿದರು. "ಜೆಬೆಲ್ ಶಮ್ಸ್ ಮೇಲೆ ಬರ್ಫ! ಯಲ್ಲಾ!"

ಅವರದೇ ಪಿಕಪ್ಪು. ಅವರ ಗಂಡುಮಕ್ಕಳೇ ಗಾಡಿಯನ್ನು ಎತ್ತಿ ಹೇರಿದರು. ಸ್ವೆಟರ್ ಮೇಲೆ ಸ್ವೆಟರ್ ತೊಟ್ಟ ಅತ್ತೆ ಮುಂದಿನ ಸೀಟಿನಲ್ಲಿ, ನಾವು ಕಾರಿನಲ್ಲಿ ಹಿಂದೆ. ಮೇಲೆ ಹೋಗಿ ನೋಡಿದರೆ ನಿಜಕ್ಕೂ ನೆಲವೆಲ್ಲ ಬೆಳ್ಳಗೆ! ಇವರ ಕಣ್ಣಲ್ಲಿ ನೀರೇ ಬಂತು. ಅವ್ವನನ್ನು ಹಿಂದೆ ಕೂರಿಸಿಕೊಂಡು ಹಗ್ಗ ಎಳೆದರು. ಎಂಜಿನ್ ಗುರ್ ಎಂದಿತು. ಪಟ್ಟಾ ತಿರುಗಲಿಲ್ಲ.

ಮತ್ತೆ ಎಳೆದರು. ಗುರ್. ನೋಡಲು ಸೇರಿದ್ದ ಜನರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರು. ಬಿಸಿಲು ಏರಿತು, ಬರ್ಫ ಕರಗತೊಡಗಿತು. ಜನರೇಟರುಗಳ ಸೊಕ್ಕು ಮುರಿದ ಮನುಷ್ಯ ಮಂಡಿಯೂರಿ ನಟ್ಟು ಬೋಲ್ಟು ತಡಕುತ್ತಿದ್ದುದನ್ನು ನನಗೆ ನೋಡಲಾಗಲಿಲ್ಲ. ಗುಜರಿಯವನ ನಂಬರನ್ನು ಅಲ್ಲೇ ಅಳಿಸಿಹಾಕಿದೆ. "ನಿಂದ್ರಿ, ನಾನೂ ಹಿಡೀತೀನಿ" ಎಂದು ಹೋಗಿ ಗಾಡಿಯನ್ನು ಒಂದು ಮಗ್ಗುಲಿಗೆ ಎತ್ತಿ ಹಿಡಿದೆ.

ಪಕ್ಕದಲ್ಲಿ ಸ್ಟೋವ್ ಹಚ್ಚಿ ಚಹಾಕ್ಕಿಟ್ಟಿದ್ದ ಅರಬಾಬ್ ಬಗ್ಗಿ, ಪಟ್ಟಾದ ಸಂದಿಗೆ ಕೈ ಹಾಕಿ, ಕಲ್ಲಿನಷ್ಟು ಗಟ್ಟಿಯಾದ ಎರಡು ಕಪ್ಪು ಗುಂಡುಗಳನ್ನು ಕಿತ್ತು ತೆಗೆದರು. ಮೂಸಿದರು. ಮುಖ ಅರಳಿತು. "ಲೂಮಿ!"

ಲೂಮಿ ಎಂದರೆ ಒಣಗಿಸಿದ ನಿಂಬೆಹಣ್ಣು. ಇಲ್ಲಿನವರು ಅದನ್ನು ಮೀನಿನ ಸಾರಿಗೂ ಹಾಕುತ್ತಾರೆ, ಚಹಾಕ್ಕೂ ಹಾಕುತ್ತಾರೆ. ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಅವರು ಎರಡನ್ನೂ ತೊಳೆದು, ಒಡೆದು ಕೆಟಲಿಗೆ ಹಾಕಿಯಾಗಿತ್ತು.

ಅಷ್ಟು ಹೊತ್ತಿಗೆ ಉಳಿದಿದ್ದ ಬರ್ಫ ಒಂದು ಜಮಖಾನೆ ಹಾಸುವಷ್ಟು. ಯಜಮಾನರು ಅವ್ವನನ್ನು ಮತ್ತೆ ಹಿಂದೆ ಕೂರಿಸಿಕೊಂಡು ಹಗ್ಗ ಎಳೆದರು. ಗಾಡಿ ಜರ್ರೆಂದು ಆ ಜಮಖಾನೆಯ ಈ ತುದಿಯಿಂದ ಆ ತುದಿಗೆ ಓಡಿ ಕಲ್ಲಿಗೆ ತಾಗಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. "ಓಡಿತಲ್ಲ?" ಎಂದು ಇವರು ನನ್ನ ಕಡೆ ನೋಡಿದರು. "ಓಡಿತ್ರಿ. ಪೋರ್ಚು ಅದರದ್ದು" ಎಂದೆ.

ಅತ್ತೆ ಗಾಡಿಯಿಂದ ಇಳಿದು, ಸೆರಗು ಸರಿಮಾಡಿಕೊಂಡು, ಅರಬಾಬ್ ಕೊಟ್ಟ ಹುಳಿ ಚಹಾ ಗುಟುಕರಿಸಿ ನಮ್ಮೆಲ್ಲರಿಗೂ ಕೇಳುವಂತೆ ಹೇಳಿದರು:

"ನೋಡಿದ್ರಿಲ್ಲೋ ನಿಂಬಿಹಣ್ಣಿನ ಮಹಿಮಾ? ನಾ ಇಡಲಿಲ್ಲಂದ್ರ ಗಾಲಿ ಇಲ್ಲದ ಗಾಡಿ ಎಲ್ಲೆರ ಓಡತಿತ್ತೇನು!"